ಕಲೆಂಬಿಯಲ್ಲಿ ಏಳು ಅಂಗಿ

ನಾನು ಹೇಳಹೊರಟದ್ದು ಮಂಗಳೂರಿನವರು ಬರಿಗಾಲಿನಲ್ಲಿ ಫುಟ್ಬಾಲ್ ಆಡುತ್ತಿದ್ದ ಕಾಲದ ಮಾತು. ಬೂಟು ಹಾಕಿಕೊಂಡು ಮೈದಾನಕ್ಕೆ ಇಳಿದವನನ್ನು ಕಂಡರೆ, “ಪಾಪ, ಅವನ ಕಾಲಿಗೆ ಎಂತ ಆಗಿದೆ?” ಎಂದು ಜನ ಕನಿಕರದಿಂದ ಕೇಳುತ್ತಿದ್ದರು. ಮಳೆಗಾಲ ಶುರುವಾದರೆ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ಬಂದರಿಗೆ ಸರಕಿನ ಮಂಜಿಗಳು ಬರುವುದಿಲ್ಲ, ಮೂಟೆ ಹೊರುವವರಿಗೆ ಕೆಲಸವಿಲ್ಲ. ಅಷ್ಟು ಜನ ಗಂಡಸರು ಮೂರು ತಿಂಗಳು ಮನೆಯಲ್ಲಿ ಕುಳಿತರೆ ಹೆಂಗಸರ ಗತಿ ಎಂತ? ಹಾಗಾಗಿ ಫುಟ್ಬಾಲ್. ನಮ್ಮ ಊರಿಗೆ ಆ ಆಟ ಬಂದದ್ದು ಬಿಳಿ ದೊರೆಗಳಿಂದ ಎಂದು ಓದಿದವರು ಹೇಳುತ್ತಾರೆ. ಬಂದದ್ದು ಹಾಗಿರಬಹುದು, ಬೆಳೆದದ್ದು ಹೆಂಗಸರ ಬೈಗುಳದಿಂದ.

ನನ್ನ ಅಪ್ಪ ಟೈಲರ್. ಬಂದರಿನ ಗೋದಾಮುಗಳ ಹಿಂದಿನ ಓಣಿಯಲ್ಲಿ ನಮ್ಮ ಸಣ್ಣ ಮನೆ. ಅದರ ಜಗಲಿಯೇ ಅಪ್ಪನ ಅಂಗಡಿ. ಒಂದು ಕಾಲುಮಿಶನ್, ಒಂದು ಉದ್ದದ ಮೇಜು, ಗೋಡೆಯಲ್ಲಿ ಮೂಲೆ ಒಡೆದ ಕನ್ನಡಿ, ಇಷ್ಟೇ. ಬೋರ್ಡು ಕೂಡ ಇರಲಿಲ್ಲ. ಮೋನಪ್ಪನ ಹೊಲಿಗೆ ಎಂದರೆ ಕಾರ್ ಸ್ಟ್ರೀಟಿನಿಂದ ಹಿಡಿದು ಬೆಂಗ್ರೆಯವರೆಗೂ ಗೊತ್ತಿತ್ತು. ಅಪ್ಪ ಬೇರೆ ಎಲ್ಲ ವಿಷಯದಲ್ಲಿ ಬಾಯಿ ಸತ್ತವರು. ಹೊಲಿಗೆಯ ಸುದ್ದಿ ಬಂದರೆ ಮಾತ್ರ ಅವರನ್ನು ಹಿಡಿಯಲಿಕ್ಕೆ ಆಗುತ್ತಿರಲಿಲ್ಲ. ಹೊಲಿದ ಅಂಗಿಯನ್ನು ಗಿರಾಕಿಯ ಕೈಗೆ ಕೊಟ್ಟು, “ಎಳೆಯಿರಿ. ಹೆದರ್ಬೇಡಿ, ಜೋರಾಗಿ ಎಳೆಯಿರಿ” ಎನ್ನುತ್ತಿದ್ದರು. ಗಿರಾಕಿ ಹಲ್ಲು ಕಚ್ಚಿ ಎಳೆಯಬೇಕು, ಹೊಲಿಗೆ ಬಿಚ್ಚಬಾರದು. ಆಮೇಲೆಯೇ ಅಂಗಿ ಮಡಚಿ ಕೊಡುವುದು.

ಆಗ ನನಗೆ ಹತ್ತು ವರ್ಷ. ಹೆಸರು ಗುಲಾಬಿ. ಶಾಲೆಯಿಂದ ಬಂದ ಮೇಲೆ ಜಗಲಿಯ ಮೂಲೆಯಲ್ಲಿ ಕುಳಿತು ಕಾಜಾ ಕೊಯ್ಯುವುದು, ಗುಬ್ಬಿ, ಅಂದರೆ ಬಟನ್ನು, ಹೊಲಿಯುವುದು ನನ್ನ ಕೆಲಸ. ಅದಕ್ಕಾಗಿ ಅಪ್ಪ ನನಗೆ ಅರ್ಧ ತುಂಡು ಬ್ಲೇಡು ಕೊಟ್ಟಿದ್ದರು. ಆ ಅರ್ಧ ಬ್ಲೇಡು ಮುಂದೆ ಮಾಡಿದ ಅನಾಹುತವನ್ನು ಹೇಳುತ್ತೇನೆ.

ಬಂದರು ಟೀಮಿಗೆ ಅಂಗಿ ಹೊಲಿದುಕೊಡುವವರು ಅಪ್ಪನೇ. ಬಿಳಿ ಕೋರಾ ಬಟ್ಟೆಯಲ್ಲಿ ಹೊಲಿದು, ಬಲೆಗೆ ಬಣ್ಣ ಹಾಕುವ ಹಂಡೆಯಲ್ಲಿ ಅದ್ದಿ ತೆಗೆಯುತ್ತಿದ್ದರು. ಮರದ ತೊಗಟೆ ಕುದಿಸಿದ ಆ ಕಂದು ಬಣ್ಣ ಒಮ್ಮೆ ಹಿಡಿದರೆ ಹೋಗುವುದಿಲ್ಲ. ವಾಸನೆಯೂ ಹೋಗುವುದಿಲ್ಲ. ನಮ್ಮ ಟೀಮು ಮೈದಾನದ ತಿರುವಿಗೆ ಬರುವಾಗಲೇ ಎದುರಾಳಿಗಳು, “ಬಂದ್ರಿನವರು ಬಂದ್ರು, ಬಂಗುಡೆ ಸಮೇತ” ಎಂದು ಮೂಗು ಮುಚ್ಚಿಕೊಳ್ಳುತ್ತಿದ್ದರು.

ಟೀಮಿನ ಕ್ಯಾಪ್ಟನ್ ಶೀನಪ್ಪ ಮಾಸ್ಟ್ರು, ನಮ್ಮದೇ ಶಾಲೆಯ ಮಾಸ್ಟ್ರು. ಕುತ್ತಿಗೆಯ ಗುಬ್ಬಿ ಹಾಕದೆ ಅವರು ಚೆಂಡು ಮುಟ್ಟುತ್ತಿರಲಿಲ್ಲ. ಗೋಲು ಹೊಡೆಯುವವರು ಸಂಜೀವಣ್ಣ, ಮೆಣಸಿನ ಗೋದಾಮಿನಲ್ಲಿ ತೂಕ ಮಾಡುವವರು. ಗೋಲು ಕಾಯುವವರು ದೂಮಣ್ಣ, ಅಕ್ಕಿ ಮೂಟೆ ಹೊರುವವರು. ದೂಮಣ್ಣನ ಅಂಗೈ ಎಂದರೆ ಮರದ ಹಲಗೆ. ಅದಕ್ಕೆ ಬಡಿದ ಚೆಂಡು ಪುನಃ ಬರಲಿಕ್ಕೆ ಹೆದರುತ್ತಿತ್ತು.

ಆ ವರ್ಷದ ಮೊದಲ ಆಟ ಹಂಚಿನ ಕಾರ್ಖಾನೆಯವರ ಜೊತೆ. ಸಂಜೀವಣ್ಣ ಎರಡು ಗೋಲು ಹೊಡೆದರು. ಗೋಲಿನ ಮುಂದೆ ತಡೆಯಲು ನಿಂತ ಕಾರ್ಖಾನೆಯ ಬ್ಯಾಕಿಯೊಬ್ಬ ಅವರ ಅಂಗಿಯ ಬಲತೋಳನ್ನು ಕಿತ್ತು, ಬಿದ್ದವರ ಬೆನ್ನ ಮೇಲೆಯೇ ಕಾಲಿಟ್ಟು ದಾಟಿ ಹೋದ. ಆಟ ಮುಗಿದ ಮೇಲೆ ಸಂಜೀವಣ್ಣ ಆ ಅಂಗಿಯನ್ನು ನೇರ ನಮ್ಮ ಜಗಲಿಗೆ ತಂದರು. ಅಪ್ಪ ಎರಡು ಬೆರಳಲ್ಲಿ ಎತ್ತಿ ನೋಡಿ, “ಇದಿನ್ನು ಆಗ್ಲಿಕ್ಕಿಲ್ಲ. ಹೊಸತು ಹೊಲೀತೇನೆ. ಗುಲಾಬಿ, ಇದನ್ನು ಅಮ್ಮನಿಗೆ ಮಸಿಬಟ್ಟೆಗೆ ಕೊಡು” ಎಂದರು.

ನಾನು ತೆಗೆದುಕೊಂಡು ಒಳಗೆ ಹೊರಟವಳು ಬಾಗಿಲಲ್ಲೇ ನಿಂತೆ. ಬೆನ್ನಿನಲ್ಲಿ ಐದು ಬೆರಳೂ ಎಣಿಸುವಷ್ಟು ಸರಿಯಾಗಿ ಕೆಸರಿನ ಹೆಜ್ಜೆ ಮೂಡಿತ್ತು. ಕಾಲರಿನಲ್ಲಿ ನಾಲ್ಕು ಹನಿ ರಕ್ತ. ಇದರಿಂದ ಒಲೆಯ ಮೇಲಿನ ಅನ್ನದ ಪಾತ್ರೆ ಇಳಿಸುವುದಾ? ನೀವೇ ಹೇಳಿ. ನಾನು ಹುಟ್ಟಿದಲ್ಲಿಂದ ನೋಡಿದ್ದೆಲ್ಲ ಹೊಸ ಅಂಗಿಯೇ. ಹೊಸ ಅಂಗಿಗೆ ಹೇಳಲಿಕ್ಕೆ ಎಂತದೂ ಇರುವುದಿಲ್ಲ. ಈ ಅಂಗಿಯಲ್ಲಿ ಮಾತ್ರ ಇಡೀ ಆಟ ಕುಳಿತಿತ್ತು. ಅಮ್ಮ ಬಾವಿಕಟ್ಟೆಯಲ್ಲಿದ್ದರು. ನಾನು ಅಂಗಿಯನ್ನು ಮಡಚಿ ಕಲೆಂಬಿಯೊಳಗೆ ಹಾಕಿದೆ.

ಕಲೆಂಬಿ ಎಂದರೆ ಅಕ್ಕಿ ತುಂಬಿಸುವ ಮರದ ದೊಡ್ಡ ಪೆಟ್ಟಿಗೆ. ಅಜ್ಜಿಯ ಕಡೆಯವರಿಗೆ ಗದ್ದೆ ಇದ್ದ ಕಾಲದ್ದು. ಗದ್ದೆ ಹೋಯಿತು, ಅಕ್ಕಿ ಹೋಯಿತು, ಪೆಟ್ಟಿಗೆ ಮಾತ್ರ ಅಜ್ಜಿಯ ಹಿಂದೆಯೇ ಗಾಡಿ ಹತ್ತಿ ಬಂದರಿಗೆ ಬಂತು. ನಮ್ಮ ನಡುಕೋಣೆಯ ಅರ್ಧ ಜಾಗ ಅದಕ್ಕೇ. ಒಳಗೆ ಎಂತದೂ ಇಲ್ಲದಿದ್ದರೂ ಅಜ್ಜಿ ದಿನಾ ಸಂಜೆ ಅದರ ಮೇಲೆ ದೀಪ ಇಟ್ಟು ಕೈಮುಗಿಯುತ್ತಿದ್ದರು. ವರ್ಷಕ್ಕೆ ಒಂದೇ ಸಲ, ಹೊಸಕ್ಕಿ ಊಟದ ದಿನ, ಮುಚ್ಚಳ ತೆರೆದು ಹೊಸ ತೆನೆ ಇಡುವುದು. ಉಳಿದ ದಿನ ಅದನ್ನು ಯಾರೂ ಮುಟ್ಟುವಂತಿಲ್ಲ. ಅಂದ ಮೇಲೆ ಇದಕ್ಕಿಂತ ಭದ್ರವಾದ ಜಾಗ ಇನ್ನೆಲ್ಲಿ?

ಅಲ್ಲಿಂದ ನನಗೆ ಹುಚ್ಚು ಹಿಡಿಯಿತು. ಮುಂದಿನ ಆಟದಲ್ಲಿ ಶೀನಪ್ಪ ಮಾಸ್ಟ್ರ ಅಂಗಿಯ ಎದೆ ಹರಿಯಿತು. ಕಿಸೆಯಲ್ಲಿ ಸೀಮೆಸುಣ್ಣದ ಪುಡಿ ಹಾಗೆಯೇ ಇತ್ತು. ಅದೂ ಕಲೆಂಬಿಗೆ. ಅದರ ಮುಂದಿನದರಲ್ಲಿ ಎಡಬದಿಯಲ್ಲಿ ಆಡುವ ಮೂಸಬ್ಬನ ಅಂಗಿ ಸಿಕ್ಕಿತು. ಬೆವರು, ಕೆಸರು, ತೊಗಟೆಬಣ್ಣ ಎಲ್ಲ ಸೇರಿದ ನಾತದ ನಡುವೆಯೂ ಅದರಲ್ಲಿ ಅತ್ತರಿನ ಪರಿಮಳ ಹಟ ಹಿಡಿದು ಕುಳಿತಿತ್ತು. ತೊಳೆಯಬಾರದು, ಹೊಲಿಯಬಾರದು ಎಂದು ನಾನೇ ನಿಯಮ ಮಾಡಿಕೊಂಡೆ. ಕಾಪಿ ಪುಸ್ತಕದ ಹಾಳೆ ಹರಿದು ಹೆಸರು, ಗೋಲಿನ ಲೆಕ್ಕ ಬರೆದು ಪ್ರತಿ ಅಂಗಿಗೂ ಸೂಜಿಯಿಂದ ಚುಚ್ಚಿ ಇಟ್ಟೆ. ಮನೆಯಲ್ಲಿ ಯಾರೂ ಇಲ್ಲದಾಗ ಮುಚ್ಚಳ ಸ್ವಲ್ಪ ಎತ್ತಿ ಮೂಗು ಹಾಕಿದರೆ ಸಾಕು, ಮೈದಾನದ ಬೊಬ್ಬೆಯೇ ಕೇಳಿದಂತಾಗುತ್ತಿತ್ತು.

ನಾಲ್ಕನೆಯ ಆಟ ಪೊಲೀಸಿನವರ ಜೊತೆ. ನಮ್ಮವರು ಮೂರು ಗೋಲಿನಲ್ಲಿ ಗೆದ್ದರು. ಊರಿಗೆ ಊರೇ ಕುಣಿಯಿತು. ನಾನೊಬ್ಬಳು ಮುಖ ಊದಿಸಿ ಕುಳಿತೆ. ಯಾಕೆಂದರೆ ಒಂದೇ ಒಂದು ಅಂಗಿಯೂ ಹರಿದಿರಲಿಲ್ಲ. ಅಂಥಾ ಪೊಲೀಸರು, ಮುಟ್ಟಿದರೆ ಎಲ್ಲಿ ನೋವಾಗುತ್ತದೋ ಎಂಬಂತೆ ಆಡಿದ್ದರು. ದರಿದ್ರದವರು.

ಅಂಗಿಗಳು ಮಡಿವಾಳನಲ್ಲಿಗೆ ಹೋಗಿ ತೊಳೆದು ಬಂದ ಮೇಲೆ ಕಿತ್ತುಹೋದ ಗುಬ್ಬಿ ಹಾಕಲು ನನ್ನ ಮುಂದೆ ಬಂದವು. ಅಪ್ಪ ಯಾರದೋ ಕೋಟಿಗೆ ಅಳತೆ ತೆಗೆಯುತ್ತಿದ್ದರು. ನನ್ನ ಕೈಯಲ್ಲಿ ಬ್ಲೇಡು ಇತ್ತು. ಒಂದು ಅಂಗಿಯ ಕಂಕುಳನ್ನು ತಿರುಗಿಸಿ ಮೂರು ಹೊಲಿಗೆ ಕೊಯ್ದೆ. ಮೂರೇ ಮೂರು, ದೇವರಾಣೆ. ಹೊರಗಿನಿಂದ ನೋಡಿದರೆ ಎಂತದೂ ಗೊತ್ತಾಗುವುದಿಲ್ಲ, ಆದರೆ ಒಮ್ಮೆ ಕೈ ಎತ್ತಿ ಓಡಿದರೆ ಹೊಲಿಗೆ ಸೊಂಟದವರೆಗೆ ಬಿಚ್ಚಿಕೊಳ್ಳುತ್ತದೆ. ಟೈಲರನ ಮಗಳಿಗೆ ಅಷ್ಟು ವಿದ್ಯೆ ಬೇಡವಾ?

ಬಿಚ್ಚಿತು. ಅದರ ಮುಂದಿನ ಆಟದಲ್ಲಿ ಇನ್ನೆರಡು ಬಿಚ್ಚಿದವು. ಕಲೆಂಬಿಯಲ್ಲಿ ಆರಾಯಿತು. ದೂಮಣ್ಣನ ಅಂಗಿ ಮಾತ್ರ ಸಿಕ್ಕಿರಲಿಲ್ಲ. ಗೋಲಿನಲ್ಲಿ ನಿಲ್ಲುವವನನ್ನು ಯಾರು ಹಿಡಿದೆಳೆಯುತ್ತಾರೆ? ನನಗೋ, ಇಡೀ ಟೀಮಿನಲ್ಲಿ ದೂಮಣ್ಣನೇ ಇಷ್ಟ. ಅವರು ನನ್ನನ್ನು ಅಕ್ಕಿಮೂಟೆಯ ಹಾಗೆ ಹೆಗಲ ಮೇಲೆ ಹಾಕಿಕೊಂಡು ಆಟಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಅವರ ಅಂಗಿಯಿಲ್ಲದೆ ನನ್ನ ಪೆಟ್ಟಿಗೆಗೆ ಎಂತ ಬೆಲೆ? ಆ ಸಲ ನಾನು ಎರಡೂ ಕಂಕುಳು ಕೊಯ್ದೆ.

ಆ ಆಟ ಕಾಲೇಜಿನ ಹುಡುಗರ ಜೊತೆ. ಮೊದಲ ಚೆಂಡು ಎತ್ತರದಲ್ಲಿ ಬಂತು. ದೂಮಣ್ಣ ಎರಡೂ ಕೈ ಎತ್ತಿ ಹಾರಿದರು. ಚರ್‍ರ್ ಎಂದು ಎರಡೂ ಬದಿ ಒಟ್ಟಿಗೇ ಬಿಚ್ಚಿತು. ಕಡಲಗಾಳಿ ಕಾದು ನಿಂತ ಹಾಗೆ ನುಗ್ಗಿ, ಅಂಗಿಯ ಮುಂಭಾಗವನ್ನು ಮೇಲಕ್ಕೆತ್ತಿ ಅವರ ಮುಖಕ್ಕೆ ಮುಚ್ಚಿತು. ಚೆಂಡು ಒಳಗೆ. ದೂಮಣ್ಣ ಅಂಗಿ ಬಿಚ್ಚಿ ಎಸೆಯಲು ಹೋದರು. ರೆಫರಿ ಒಬ್ಬ ಕಟ್ಟುನಿಟ್ಟಿನ ದೊರೆ. ಮೈಮೇಲೆ ಅಂಗಿ ಇಲ್ಲದೆ ಆಡಕೂಡದು ಎಂದ. ಸೊಂಟಕ್ಕೆ ಹಗ್ಗ ಬಿಗಿದು ನೋಡಿದರು, ಹಾರಿದಾಗಲೆಲ್ಲ ಅದೂ ಜಾರಿತು. ಕೈ ಎತ್ತಿದರೆ ಮುಖಕ್ಕೆ ಪರದೆ, ಕೈ ಇಳಿಸಿದರೆ ಗೋಲು. ಜನ ನಕ್ಕು ನಕ್ಕು ಕೆಸರಲ್ಲಿ ಕುಳಿತರು. ಒಟ್ಟು ಐದು ಗೋಲು. ದೂಮಣ್ಣ ಅಷ್ಟು ದೊಡ್ಡ ಗಂಡಸು, ಬರುವಾಗ ದಾರಿಯಲ್ಲಿ ಅತ್ತರು. ನಾನು ಅಂಗಿಯನ್ನು ಮಾತ್ರ ಬಿಡದೆ ತಂದು ಕಲೆಂಬಿಗೆ ಹಾಕಿದೆ. ಚೀಟಿಯಲ್ಲಿ ‘ದೂಮಣ್ಣ, ಐದು ಗೋಲು’ ಎಂದು ಬರೆದೆ. ಸುಳ್ಳು ಬರೆಯಲಿಕ್ಕಾಗುತ್ತದಾ?

ಮರುದಿನವೇ ಗ್ರಹಚಾರ ಶುರು. ಬರಿಗಾಲಿಗೆ ಸುತ್ತಿಕೊಳ್ಳಲು ಹರಿದ ಅಂಗಿಯ ಬಟ್ಟೆ ಬೇಕು ಎಂದು ಶೀನಪ್ಪ ಮಾಸ್ಟ್ರು ಬಂದರು. ಅಪ್ಪ ಅಮ್ಮನನ್ನು ಕೇಳಿದರು. ಅಮ್ಮ, “ನನಗೆಲ್ಲಿ ಕೊಟ್ಟಿದ್ದೀರಿ? ನಾನು ಈಗಲೂ ಗೋಣಿತುಂಡಿನಲ್ಲೇ ಪಾತ್ರೆ ಇಳಿಸುದು” ಎಂದರು. ನಾನು ತಲೆ ಎತ್ತದೆ ಗುಬ್ಬಿ ಹೊಲಿದೆ. ಏಳು ಜನರ ಉಟ್ಟ ಬಟ್ಟೆ ಕಾಣೆಯಾಗಿದೆ ಎಂಬ ಸುದ್ದಿ ಸಂಜೆಯೊಳಗೆ ಮೀನು ಇಳಿಸುವ ಧಕ್ಕೆಯವರೆಗೆ ಮುಟ್ಟಿತು.

ನಮ್ಮ ಕಡೆ ಒಬ್ಬನ ಉದುರಿದ ಕೂದಲು, ಕತ್ತರಿಸಿದ ಉಗುರು, ಮೈಗೆ ಹಾಕಿದ ಬಟ್ಟೆ ಬೇರೆಯವರ ಕೈಗೆ ಸಿಗಬಾರದು. ಸಿಕ್ಕಿದರೆ ಮಾಟ ಮಾಡಿಸುತ್ತಾರೆ ಎಂಬ ಭಯ. ಇಲ್ಲಿ ನೋಡಿದರೆ ಬಟ್ಟೆ ಕಾಣೆ, ಮೈಮೇಲಿನ ಅಂಗಿ ತಾನಾಗಿ ಬಿಚ್ಚುತ್ತದೆ, ಐದು ಗೋಲು ಬೇರೆ. ಇನ್ನೆಂತ ಬೇಕು? ದೂಮಣ್ಣ, ಸಂಜೀವಣ್ಣ ಇಬ್ಬರೂ ಹೊಳೆ ದಾಟಿ ಉಳ್ಳಾಲದ ಜೋಯಿಸರಲ್ಲಿಗೆ ಬಲ್ಮೆ ಕೇಳಲು, ಅಂದರೆ ಕವಡೆ ಹಾಕಿಸಿ ಪ್ರಶ್ನೆ ಕೇಳಲು, ಹೊರಟರು. “ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ, ಆದರೆ ಕ್ಯಾಪ್ಟನ್ ಆದವನು ಗೈರುಹಾಜರಾಗುವುದು ಸರಿಯಲ್ಲ” ಎಂದು ಶೀನಪ್ಪ ಮಾಸ್ಟ್ರೂ ಹೊರಟರು.

ತಿರುಗಿ ಬಂದವರು ನಮ್ಮ ಜಗಲಿಯಲ್ಲೇ ಕುಳಿತು ವರದಿ ಒಪ್ಪಿಸಿದರು.

“ಕವಡೆ ಹಾಕಿದ ಕೂಡ್ಲೆ ಹೇಳಿದ್ರು ಮಾರಾಯ್ರೆ,” ಎಂದರು ಸಂಜೀವಣ್ಣ. “ಬಟ್ಟೆ ಮರದೊಳಗೆ ಉಂಟಂತೆ.”

ಸೂಜಿ ನನ್ನ ಬೆರಳಿಗೆ ಚುಚ್ಚಿತು.

“ಮೇಲೆ ದೀಪ ಉಂಟಂತೆ,” ಎಂದರು ದೂಮಣ್ಣ. “ಒಂದು ಹೆಣ್ಣಿನ ಕೈ ಉಂಟಂತೆ.”

ನಾನು ಬೆರಳನ್ನು ಬಾಯಿಗೆ ಹಾಕಿಕೊಂಡೆ.

“ಎಲ್ಲಿ ಅಂತ ಹೇಳಿದ್ರಾ?” ಅಪ್ಪ ಕೇಳಿದರು.

“ನೀರಿನ ಆಚೆ ಅಂತೆ. ಮತ್ತೆ ಯಾರು? ಬೆಂಗ್ರೆಯವರೇ!”

ನನಗೆ ಹೋದ ಜೀವ ಬಂತು. ಬೆಂಗ್ರೆ ಇರುವುದು ಹೊಳೆಯ ಆಚೆ ದಡದಲ್ಲಿ. ಕೊನೆಯ ಆಟ ಬೆಂಗ್ರೆಯವರ ಜೊತೆಯೇ. ಅವರೇ ಮಾಟ ಮಾಡಿಸಿದ್ದು ಎಂದು ಎಲ್ಲರೂ ತೀರ್ಮಾನಿಸಿದರು. ಪಾಪ, ಅವರು ಅಲ್ಲಿ ಮರಳಿನ ಮೇಲೆ ಕುಳಿತು ಬಲೆ ಹೊಲಿಯುತ್ತಿದ್ದರು.

ಆದರೆ ಊರಲ್ಲಿ ಎಲ್ಲರೂ ಮಾಟವನ್ನು ನಂಬುವವರಲ್ಲ. ಬಟ್ಟೆ ಅಂಗಡಿಗಳ ಸಾಲಿನಲ್ಲಿ ಇನ್ನೊಂದು ಮಾತು ಹುಟ್ಟಿತು. ಮಾಟವೂ ಇಲ್ಲ, ಮಣ್ಣೂ ಇಲ್ಲ, ಮೋನಪ್ಪನ ಕೈ ಬಿದ್ದುಹೋಗಿದೆ, ಕಣ್ಣು ಕಾಣುವುದಿಲ್ಲ, ಅವನ ಹೊಲಿಗೆ ಮೈದಾನದ ನಡುವೆ ಬಿಚ್ಚುತ್ತದೆ ಎಂದು. ಗೋದಾಮಿನ ಸಾಹುಕಾರರೊಬ್ಬರು ಮಗಳ ಮದುವೆಗೆ ಹೊಲಿಯಲು ಕೊಟ್ಟಿದ್ದ ಬಟ್ಟೆಯನ್ನು ಆಳಿನ ಕೈಯಲ್ಲಿ ವಾಪಸು ತರಿಸಿಕೊಂಡರು. ಅಪ್ಪ ಮಡಚಿ ಕೊಟ್ಟರು. ಇನ್ನಿಬ್ಬರು ಅಳತೆ ಕೊಡಲು ಬರುತ್ತೇವೆ ಎಂದವರು ಬರಲೇ ಇಲ್ಲ.

ಅಪ್ಪ ಗಿರಾಕಿಗಳಿಗೆ ಎಳೆಯಿರಿ ಎನ್ನುವುದನ್ನು ನಿಲ್ಲಿಸಿದರು. ಒಬ್ಬರೇ ಕುಳಿತು ತಾವೇ ಹೊಲಿದದ್ದನ್ನು ಎರಡೂ ಕೈಯಲ್ಲಿ ಎಳೆದು ನೋಡುತ್ತಿದ್ದರು. ನೂಲನ್ನು ಹಲ್ಲಿನಲ್ಲಿ ಕಚ್ಚಿ ನೋಡುತ್ತಿದ್ದರು. ಒಂದು ಮಧ್ಯಾಹ್ನ ಸೂಜಿಯನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ನೋಡಿದರು. “ಗುಲಾಬಿ, ಈ ಕಣ್ಣು ಸ್ವಲ್ಪ ಮಂಜಾ ಅಂತ ಒಂದು ಸಂಶಯ ಮಗಾ” ಎಂದರು. ನಾನು ಆ ಸೂಜಿಯನ್ನು ತೆಗೆದುಕೊಂಡು ನೂಲು ಪೋಣಿಸಿ ಕೊಟ್ಟೆ.

ಮುಚ್ಚಿಡುವುದೆಂತಕ್ಕೆ? ಹೇಳಿದರೆ ಅಪ್ಪನ ಮರ್ಯಾದೆ ಉಳಿಯುತ್ತದೆ, ನನ್ನ ಏಳು ಅಂಗಿ ಹೋಗುತ್ತದೆ. ಹೇಳದಿದ್ದರೆ ಅಂಗಿ ಉಳಿಯುತ್ತದೆ, ಅಪ್ಪನ ಮರ್ಯಾದೆ ಹೋಗುತ್ತದೆ. ಹತ್ತು ವರ್ಷದ ನಾನು ಇದನ್ನು ನಾಲ್ಕು ದಿನ ತೂಗಿದೆ. ನಾಲ್ಕು ದಿನವೂ ಅಂಗಿಯೇ ಗೆದ್ದಿತು. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಐದನೆಯ ದಿನ ಹೊಸಕ್ಕಿ ಊಟ. ನಮಗೆ ಗದ್ದೆ ಇಲ್ಲದ ಕಾರಣ ತೆನೆಯನ್ನು ದೂಮಣ್ಣ ತನ್ನ ಊರಿನಿಂದ ತಂದುಕೊಡುವುದು ರೂಢಿ. ಆ ದಿನ ಸಂಜೀವಣ್ಣ, ಶೀನಪ್ಪ ಮಾಸ್ಟ್ರೂ ಬೆಂಗ್ರೆಯ ಆಟಕ್ಕೆ ಅಂಗಿ ಒಯ್ಯಲು ಬಂದಿದ್ದರು, ಊಟಕ್ಕೂ ನಿಂತರು. ಹೊಸ ಅಕ್ಕಿಯ ಅನ್ನ, ಹರಿವೆದಂಟಿನ ಸಾಂಬಾರು, ಮುಳ್ಳುಸೌತೆ, ಪಾಯಸ. ಅಡುಗೆಯ ಪರಿಮಳದಲ್ಲಿ ತೇಲುತ್ತಿದ್ದ ನನಗೆ ಹೊಸಕ್ಕಿ ಊಟ ಎಂದರೆ ಕಲೆಂಬಿ ತೆರೆಯುವ ದಿನ ಎಂಬುದೇ ಮರೆತುಹೋಗಿತ್ತು. ನೆನಪಾದದ್ದು ಅಜ್ಜಿ ಮಿಂದು, ಮಡಿಸೀರೆ ಉಟ್ಟು, ತಲೆಯ ಮೇಲೆ ತೆನೆ ಇಟ್ಟುಕೊಂಡು, ನಡುಕೋಣೆಗೆ ಬಂದಾಗ.

ಅಜ್ಜಿ “ಪೊಲಿ ಪೊಲಿ ಪೊಲಿ” ಎಂದು ಸಮೃದ್ಧಿಯನ್ನು ಕರೆಯುತ್ತಾ ಮುಚ್ಚಳ ಎತ್ತಿದರು.

ಮಳೆಗಾಲದ ಥಂಡಿಯಲ್ಲಿ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದ ಏಳು ಗಂಡಸರ ಬೆವರು ಒಮ್ಮೆಲೇ ಹೊರಬಂತು. ಅಜ್ಜಿಯ ಮುಂದಿನ ಪೊಲಿ ಗಂಟಲಲ್ಲೇ ಉಳಿಯಿತು. ತೆನೆ ಕೆಳಗೆ ಬಿತ್ತು.

“ಅಯ್ಯಯ್ಯೋ, ಒಳಗೆ ಎಂತದೋ ಸತ್ತಿದೆ!” ಎಂದು ಕೂಗಿ, ಕೈಹಾಕಿ ಎತ್ತಿದರು. ಮೇಲೆ ಬಂದದ್ದು ಬಿಳಿ ಬೂಷ್ಟು ಹಿಡಿದ ಕಂದು ಅಂಗಿ. ಅದಕ್ಕೆ ಸೂಜಿ. ಸೂಜಿಯಲ್ಲಿ ಚೀಟಿ. ಅಜ್ಜಿ ಅದನ್ನು ಹಾವಿನಂತೆ ಎಸೆದು, “ಮಾಟ! ನನ್ನ ಕಲೆಂಬಿಯೊಳಗೆ ಮಾಟ!” ಎಂದು ಗೋಡೆಗೆ ಒರಗಿದರು.

ಎಲ್ಲರೂ ಓಡಿ ಬಂದರು. ಶೀನಪ್ಪ ಮಾಸ್ಟ್ರು ಚೀಟಿಯನ್ನು ಬೆಳಕಿಗೆ ಹಿಡಿದು, ತರಗತಿಯಲ್ಲಿ ಹಾಜರಿ ಕರೆಯುವ ಸ್ವರದಲ್ಲಿ ಓದಿದರು. “ದೂಮಣ್ಣ. ಐದು ಗೋಲು.”

ದೂಮಣ್ಣ ಅಲ್ಲೇ ಕುಸಿದು ಕುಳಿತರು. “ಬರೆದು ಕಟ್ಟಿದ್ದಾರೆ! ಐದು ಅಂತ ಬರೆದೇ ಕಟ್ಟಿದ್ದಾರೆ! ಮತ್ತೆ ಚೆಂಡು ಹೇಗೆ ನಿಲ್ಲುದು ಮಾರಾಯ್ರೆ?”

“ಮರದೊಳಗೆ,” ಎಂದರು ಸಂಜೀವಣ್ಣ, ಕಲೆಂಬಿಯನ್ನು ಮುಟ್ಟಿ. “ಮೇಲೆ ದೀಪ. ಎಲ್ಲ ಸರಿ ಉಂಟು. ಆದ್ರೆ ನೀರಿನ ಆಚೆ ಅಂತ ಹೇಳಿದ್ರಲ್ಲ?”

ಗೋಡೆಗೆ ಒರಗಿದ್ದ ಅಜ್ಜಿ ಕಣ್ಣು ತೆರೆದರು. “ಮಂಡೆ ಉಂಟಾ ನಿಮಗೆ? ಜೋಯಿಸರು ಕೂತದ್ದು ಉಳ್ಳಾಲದಲ್ಲಿ. ಅಲ್ಲಿಂದ ನೀರಿನ ಆಚೆ ಅಂದ್ರೆ ನಾವೇ ಅಲ್ವಾ!”

ಎಲ್ಲರೂ 'ಹೌದಲ್ಲ' ಎಂದು ಮುಖ ಮುಖ ನೋಡಿಕೊಂಡರು. ಆಮೇಲೆ ಒಬ್ಬೊಬ್ಬರಾಗಿ ಅಪ್ಪನ ಕಡೆ ತಿರುಗಿದರು. ಸಂಜೀವಣ್ಣನ ಕಣ್ಣು ಕೆಂಪಾಗಿತ್ತು. “ಮೋನಪ್ಪಣ್ಣ, ನೀವೇ? ಬೆಂಗ್ರೆಯವರಿಗೋಸ್ಕರ ನೀವೇ ಮಾಡಿದ್ದಾ?”

ಅಪ್ಪ ಕಲೆಂಬಿಯೊಳಗೆ ಬಗ್ಗಿ ನೋಡಿದರು.

“ನಾನು ತೆಗೆದಿಟ್ಟದ್ದು,” ಎಂದೆ ನಾನು.

“ಎಂತಕ್ಕೆ?”

“ಚೆಂದ ಉಂಟು ಅಂತ.”

ಯಾರೂ ನಂಬಲಿಲ್ಲ. ಅಜ್ಜಿ, ಹುಡುಗಿಗೆ ಎಂತದೋ ಗಾಳಿ ಸೋಂಕಿದೆ, ಮೊದಲು ಅದನ್ನು ತೆಗೆಸಿ ಎಂದರು. ದೂಮಣ್ಣ ತನ್ನ ಅಂಗಿಯನ್ನು ಮೂಸಿ, ಮುಖ ಹುಳಿ ಮಾಡಿ, “ಇದರಲ್ಲಿ ಚೆಂದ ಎಂತ ಉಂಟು ಮಗಾ? ನನಗೇ ವಾಕರಿಕೆ ಬರ್‍ತದೆ” ಎಂದರು.

ನನಗೆ ಸಿಟ್ಟು ಬಂತು. ಏಳನ್ನೂ ನೆಲದ ಮೇಲೆ ಹರಡಿದೆ. ಇದು ಸಂಜೀವಣ್ಣನದ್ದು, ಇದು ಕಾರ್ಖಾನೆಯ ಬ್ಯಾಕಿಯ ಹೆಜ್ಜೆ, ಇದು ರಕ್ತ. ಇದು ಮಾಸ್ಟ್ರ ಸೀಮೆಸುಣ್ಣ. ಇದು ಮೂಸಬ್ಬನ ಅತ್ತರು, ಈಗಲೂ ಬರ್‍ತದೆ ಬೇಕಾದ್ರೆ ನೋಡಿ. ಹೇಳುತ್ತಾ ಹೋದೆ. ಸಂಜೀವಣ್ಣ ಬಗ್ಗಿ ನೋಡಿದರು. “ಅಲ್ಲ, ಈ ರಕ್ತ ನನ್ನದಲ್ಲ, ಅವನ ಮೂಗಿನದ್ದು” ಎಂದರು. ಮಾಸ್ಟ್ರು ಕೈ ಹಿಂದೆ ಕಟ್ಟಿಕೊಂಡು, ಆ ಎರಡನೆಯ ಗೋಲಿಗೆ ಚೆಂಡು ಕೊಟ್ಟದ್ದು ತಾನು, ಅದನ್ನು ಚೀಟಿಯಲ್ಲಿ ಬರೆದಿಲ್ಲ ಎಂದು ಆಕ್ಷೇಪಿಸಿದರು. ಸ್ವಲ್ಪ ಹೊತ್ತು ಮೂವರೂ ಮೊಣಕಾಲೂರಿ ಇಡೀ ಮಳೆಗಾಲವನ್ನು ಪುನಃ ಆಡಿದರು. ಮಾಟ ಎಲ್ಲಿಗೋ ಹೋಯಿತು.

ಕೊನೆಗೆ ಸಂಜೀವಣ್ಣ ಎದ್ದು ನಿಂತರು. “ಆಗ್ಲಿ, ಮಕ್ಕಳಾಟ. ಮಾಟ ಅಲ್ಲ ಅಂತ ಆಯ್ತು. ಮತ್ತೆ ಹೊಲಿಗೆ ಯಾಕೆ ಬಿಚ್ಚುದು? ಪೇಟೆಯವರು ಹೇಳುದೇ ಸರಿಯಾ ಹಾಗಾದ್ರೆ?”

ಅಪ್ಪ ದೂಮಣ್ಣನ ಅಂಗಿಯನ್ನು ಎತ್ತಿಕೊಂಡರು. ಬಾಗಿಲ ಬೆಳಕಿಗೆ ಹೋಗಿ ಕಂಕುಳು ತಿರುಗಿಸಿದರು. ಎಳೆದು ಹರಿದ ನೂಲಿನ ತುದಿ ಗುಂಜುಗುಂಜಾಗಿರುತ್ತದೆ, ಬ್ಲೇಡು ತಾಗಿದ ನೂಲಿನ ತುದಿ ನೇರ ಇರುತ್ತದೆ. ಮೂವತ್ತು ವರ್ಷ ನೂಲು ಹಿಡಿದವರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಪ್ಪನ ಹೆಬ್ಬೆರಳು ಅಲ್ಲೇ ನಿಂತಿತು. ಇನ್ನೊಂದು ಕಂಕುಳನ್ನೂ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಅವರ ಕಣ್ಣು ಮಂಜಾಗಿರಲಿಲ್ಲ, ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು.

ಅಂಗಿ ಮಡಚುತ್ತಾ ಹೇಳಿದರು. “ಹೌದು ಸಂಜೀವ. ಈ ವರ್ಷದ ನೂಲು ಸರಿ ಇರ್‍ಲಿಲ್ಲ. ನಾನು ನೋಡಿ ತರ್‍ಬೇಕಿತ್ತು. ತಪ್ಪು ನನ್ನದೇ.”

ಹೊಲಿಗೆಯ ಬಗ್ಗೆ ಅಪ್ಪನ ಬಾಯಲ್ಲಿ ತಪ್ಪು ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

“ಸುಳ್ಳು!” ಎಂದು ಕಿರುಚಿದೆ. “ನೂಲು ಸರಿ ಉಂಟು! ನಾನು ಬ್ಲೇಡಿನಲ್ಲಿ ಕೊಯ್ದದ್ದು. ಅಂಗಿ ಸಿಗ್ತದೆ ಅಂತ ನಾನೇ ಕೊಯ್ದದ್ದು!”

ಪಾಯಸ ತಳ ಹಿಡಿಯುವ ವಾಸನೆ ಬಂತು, ಅಮ್ಮ ಕೂಡ ಅಲ್ಲಾಡಲಿಲ್ಲ. ಮೊದಲು ಬಾಯಿ ಬಿಟ್ಟವರು ದೂಮಣ್ಣ.

“ಐದು ಗೋಲು!” ಎಂದರು. “ಐದು ಗೋಲು ಮಾರಾಯ್ತಿ! ನನ್ನ ಹೆಂಡತಿ ಈಗ ಗಂಜಿ ಬಡಿಸುವಾಗ ಒಂದು, ಎರಡು ಅಂತ ಐದು ಸೌಟು ಲೆಕ್ಕ ಮಾಡ್ತಾಳೆ!” ಆಮೇಲೆ ಏನೋ ಹೊಳೆದಂತೆ ನನ್ನ ಹತ್ತಿರ ಬಗ್ಗಿದರು. “ಬೇರೆಯವರದ್ದು ಒಂದೇ ಬದಿ. ನನ್ನದು ಮಾತ್ರ ಎರಡೂ ಬದಿ ಯಾಕೆ ಕೊಯ್ದದ್ದು?”

“ನೀವಂದ್ರೆ ನನಗೆ ಜಾಸ್ತಿ ಇಷ್ಟ,” ಎಂದೆ ಬಿಕ್ಕುತ್ತಾ.

ದೂಮಣ್ಣನಿಗೆ ಅಳುವುದೋ ನಗುವುದೋ ಗೊತ್ತಾಗಲಿಲ್ಲ. ಕೊನೆಗೆ ನಗುವೇ ಬಂತು. ಮೂಟೆ ಹೊರುವ ಆ ಎದೆಯಿಂದ ನಗು ಬಂದರೆ ನಮ್ಮ ಹಂಚು ಅಲ್ಲಾಡುತ್ತಿತ್ತು. ಸಂಜೀವಣ್ಣ ಮಾತ್ರ ನಾಚಿ, ಅಪ್ಪನ ಕೈ ಹಿಡಿದು, “ಬಾಯಿ ತಪ್ಪಿತು ಮೋನಪ್ಪಣ್ಣ” ಎಂದರು. ಅಪ್ಪ ನನಗೆ ಹೊಡೆಯಲಿಲ್ಲ, ಬೈಯಲೂ ಇಲ್ಲ. ಬ್ಲೇಡನ್ನು ವಾಪಸು ತೆಗೆದುಕೊಂಡು ಸೂಜಿ ಕೊಟ್ಟರು. ಬೆಂಗ್ರೆಯ ಆಟದ ಹನ್ನೊಂದು ಅಂಗಿಗೂ, ಎರಡೂ ಬದಿಗೂ, ಮಿಶನ್ ಹೊಲಿಗೆಯ ಮೇಲೆ ಕೈಹೊಲಿಗೆ. ಎರಡು ದಿನ ಹಿಡಿಯಿತು. ನನ್ನ ಬೆರಳಿನ ತುದಿ ಜರಡಿಯಾಯಿತು.

ಆ ಆಟಕ್ಕೆ ಊರೇ ಬಂದಿತ್ತು. ಬಟ್ಟೆ ಅಂಗಡಿಯವರು, ಗೋದಾಮಿನ ಸಾಹುಕಾರರು, ಎಲ್ಲರೂ ಚೆಂಡನ್ನು ಬಿಟ್ಟು ಕಂಕುಳನ್ನೇ ನೋಡುತ್ತಿದ್ದರು. ಸಂಜೀವಣ್ಣ ಸಿಕ್ಕಿದ ಒಂದು ಪೆನಾಲ್ಟಿಯನ್ನು ದಾರಿಯ ಆಚೆಯ ಮರಕ್ಕೆ ಹೊಡೆದರು. ಆಟ ಮುಗಿಯಲು ಸ್ವಲ್ಪ ಇರುವಾಗ ಚೆಂಡು ನಮ್ಮ ಗೋಲಿನ ಮುಂದೆ ಬಂತು. ಬೆಂಗ್ರೆಯ ಒಬ್ಬ ಜಟ್ಟಿ, ದಿನಾ ಬಲೆ ಎಳೆಯುವವನು, ದೂಮಣ್ಣನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದ. ರೆಫರಿ ಆಚೆ ನೋಡುತ್ತಿದ್ದ. ದೂಮಣ್ಣ ಮುಂದಕ್ಕೆ, ಅವನು ಹಿಂದಕ್ಕೆ. ಅಂಗಿ ರಬ್ಬರಿನಂತೆ ಹಿಗ್ಗಿತು. ನಾನು ಕಣ್ಣು ಮುಚ್ಚಿದೆ. ಹೊಲಿಗೆ ಬಿಚ್ಚಲಿಲ್ಲ! ಇಬ್ಬರೂ ಒಟ್ಟಿಗೆ ಕೆಸರಿಗೆ ಬಿದ್ದರು.

ಅಪ್ಪ ಎದ್ದು ನಿಂತು, ಎರಡೂ ಕೈ ಎತ್ತಿ, “ನೋಡಿ! ನೋಡಿ ಹೊಲಿಗೆ! ಒಂದು ನೂಲು ಹೋಗ್ಲಿಲ್ಲ!” ಎಂದು ಕೂಗಿದರು. ಜನ ಚಪ್ಪಾಳೆ ತಟ್ಟಿದರು. ಅದೇ ಹೊತ್ತಿಗೆ ಚೆಂಡು ನಿಧಾನವಾಗಿ ಉರುಳಿ ನಮ್ಮ ಗೋಲಿನೊಳಗೆ ಹೋಯಿತು.

ಆ ಒಂದೇ ಗೋಲಿನಲ್ಲಿ ನಾವು ಸೋತೆವು. ಬೆಂಗ್ರೆಯವರು ದೋಣಿಯ ಪಕ್ಕೆ ಬಡಿಯುತ್ತಾ ಹೊಳೆ ದಾಟಿದರು. ಸೋತ ಟೀಮಿನ ಹಿಂದೆ ಗೆದ್ದವರ ಹಾಗೆ ಎದೆಯುಬ್ಬಿಸಿ ನಡೆದದ್ದು ಅಪ್ಪ ಒಬ್ಬರೇ. ಸಾಹುಕಾರರ ಮದುವೆಯ ಬಟ್ಟೆ ಮರುದಿನ ಬೆಳಿಗ್ಗೆಯೇ ನಮ್ಮ ಮೇಜಿಗೆ ವಾಪಸು ಬಂತು.

ನನ್ನ ಏಳು ಅಂಗಿಗಳನ್ನು ಅಜ್ಜಿ ಬೂದಿನೀರಿನಲ್ಲಿ ಕುದಿಸಿ, ಕಲ್ಲಿಗೆ ಬಡಿದು, ಬಿಸಿಲಿಗೆ ಹಾಕಿದರು. ಹೆಜ್ಜೆ ಹೋಯಿತು, ರಕ್ತ ಹೋಯಿತು, ಅತ್ತರೂ ಹೋಯಿತು. ಹಗ್ಗದ ಮೇಲೆ ಉಳಿದದ್ದು ಯಾರದೂ ಅಲ್ಲದ ಏಳು ಕಂದು ಬಟ್ಟೆ. ಟೀಮಿನವರು ಹರಿದು ಕಾಲಿಗೆ ಕಟ್ಟಿಕೊಂಡರು. ನಾನು ಬಾವಿಕಟ್ಟೆಯಲ್ಲಿ ಕುಳಿತು ಮೂರು ದಿನ ಅತ್ತೆ.

ಈಗ ಬಲೆಗೆ ತೊಗಟೆಯ ಬಣ್ಣ ಹಾಕುವವರಿಲ್ಲ. ಬಲೆಯೇ ನೈಲಾನಿನದ್ದು. ಬಂದರು ಟೀಮು ಯಾವಾಗ ನಿಂತಿತೋ ಯಾರಿಗೂ ಸರಿಯಾಗಿ ನೆನಪಿಲ್ಲ. ನಮ್ಮ ಜಗಲಿ ಇದ್ದಲ್ಲಿ ಮೀನಿನ ಐಸುಪೆಟ್ಟಿಗೆಗಳು ಒಂದರ ಮೇಲೊಂದು ನಿಂತಿವೆ. ಅಂಗಡಿಗಳಲ್ಲಿ ಆಟಗಾರರ ಹೆಸರು ಬರೆದ ಅಂಗಿಗಳನ್ನು ತೂಗುಹಾಕಿರುತ್ತಾರೆ, ಒಂದು ಹನಿ ಬೆವರು ಕಾಣದ ಅಂಗಿಗಳು. ದೊಡ್ಡ ಆಟಗಾರರು ಆಡಿ ಬಿಚ್ಚಿದ ಅಂಗಿಯನ್ನು ತೊಳೆಯದೆ ಗಾಜಿನ ಪೆಟ್ಟಿಗೆಯಲ್ಲಿ ಇಡುವವರು ಹೊರದೇಶದಲ್ಲಿ ಇದ್ದಾರಂತೆ. ಪೇಪರಿನಲ್ಲಿ ಓದಿ ಒಬ್ಬಳೇ ನಕ್ಕೆ. ನನಗೆ ಸೋಂಕಿದೆ ಎಂದವರೆಲ್ಲ ಹೋದ ಮೇಲೆ ಗೊತ್ತಾಯಿತು ನೋಡಿ, ಆ ಸೋಂಕು ನನಗೊಬ್ಬಳಿಗೇ ಅಲ್ಲ ಎಂದು.

ಅಂಗಿಗಳು ಹೋದ ದುಃಖ ಈಗ ಇಲ್ಲ. ಆಮೇಲೆ ನಾನು ದೊಡ್ಡವಳಾದೆ, ಮದುವೆಯಾದೆ, ಮಕ್ಕಳನ್ನು ಸಾಕಿದೆ, ಎಷ್ಟೋ ತಪ್ಪು ಮಾಡಿದೆ. ಪ್ರತಿ ಸಲವೂ ಬೆರಳು ತೋರಿಸುವವರು ಒಬ್ಬರಾದರೂ ಇದ್ದೇ ಇದ್ದರು, ಹೆಚ್ಚಾಗಿ ಅವರು ಹೇಳಿದ್ದು ಸರಿಯೂ ಇತ್ತು. ಆದರೆ ನನ್ನ ತಪ್ಪನ್ನು ಕಣ್ಣಾರೆ ಕಂಡು, ನನ್ನ ಮುಖವನ್ನೊಮ್ಮೆ ನೋಡಿ, ತನ್ನ ನೂಲನ್ನು ದೂರಿದವರು ಅಪ್ಪನ ನಂತರ ನನಗೆ ಯಾರೂ ಸಿಗಲಿಲ್ಲ.